ತುರ್ಭೆಯಿಂದ ತೊಂಬತ್ತೇಳು ತುಂಡು

ಗುರುವಾರ ಸಂಜೆ ಮುಂಬೈ ಪಕ್ಕದ ಠಾಣೆಯಲ್ಲಿ ರೈಲು ಇಳಿದು ಡೊಂಬಿವಲಿ ಗಾಡಿಗೆ ಕಾಯುತ್ತಿದ್ದೆ. ಫೋನ್ ಬಂತು. ಕಲ್ಯಾಣದಲ್ಲಿ ಹೋಟೆಲ್ ನಡೆಸುವ ನನ್ನ ಶಾಲೆಯ ಜೊತೆಗಾರ. ಹಲೋ ಇಲ್ಲ, ಹೇಗಿದ್ದಿ ಇಲ್ಲ.

“ಎಂತ ಮಾರಾಯ್ತಿ ನಿನ್ನ ವೆಬ್‌ಸೈಟು? ಕಳಿಸಿದರೆ ನಾನೂರ ಹದಿಮೂರು ಅಂತ ತೋರಿಸಿ ಬಾಗಿಲು ಹಾಕಿಕೊಳ್ತದೆ. ಇದೆಂತ, ನನ್ನ ಹಾಜರಿ ನಂಬರಾ?”

“ಫೈಲು ಎಷ್ಟು ದೊಡ್ಡದಿದೆ?”

“ನನಗೆ ಹೇಗೆ ಗೊತ್ತು? ಹಿಟ್ಟಾದರೆ ಹೇಳಬಹುದಿತ್ತು. ನಾನು ಓದಿದ್ದು ನಾಲ್ಕು ಪುಟ.”

ನಾಲ್ಕು ಪುಟ ಓದಿದರೆ ಹತ್ತು ನಿಮಿಷ. ಹತ್ತು ನಿಮಿಷದ ಧ್ವನಿ ಅಷ್ಟು ದೊಡ್ಡದಾಗುವುದಿಲ್ಲ. ಇವನು ಏನೋ ಎಡವಟ್ಟು ಮಾಡಿದ್ದಾನೆ ಎಂದುಕೊಂಡು ಫೋನ್ ಇಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ನಾನು ಕಟ್ಟಿದ್ದನ್ನು ಯಾರಾದರೂ ಹಳಿದರೆ.

ಆ ವೆಬ್‌ಸೈಟು ಪೂರ್ತಿ ನನ್ನದೇ ಕಾರುಬಾರು. ಬೇಲಾಪುರದ ನಮ್ಮ ಆಫೀಸಿನಲ್ಲಿ ಮೂಲೆಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಸಾಹೇಬರ ಸಹಿ ಮಾಡಿಸಿಕೊಂಡು ಮನೆಗೆ ತಂದಿದ್ದೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ನನ್ನ ಫ್ಲ್ಯಾಟಿನಲ್ಲಿ, ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಅದರ ವಾಸ. ಅದನ್ನು ಮುದುಕ ಎಂದು ಕರೆಯುತ್ತೇನೆ. ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ಮುದುಕನಿಗೊಂದು ವಿಳಾಸ ಕೊಟ್ಟು ಎರಡೇ ಪುಟದ ವೆಬ್‌ಸೈಟು ಮಾಡಿದೆ. ಒಂದು ಪುಟದಲ್ಲಿ ಹೆಸರು ಬರೆದು ಧ್ವನಿಯ ಫೈಲು ಕಳಿಸಬಹುದು. ಇನ್ನೊಂದರಲ್ಲಿ ಪರದೆಯಷ್ಟು ದೊಡ್ಡ ಒಂದೇ ಗುಂಡಿ. ಎಲ್ಲಿ ಮುಟ್ಟಿದರೂ ಆ ದಿನದ ಓದು ಕೇಳಿಸುತ್ತದೆ.

ಆ ಗುಂಡಿ ನಮ್ಮ ಟೀಚರ್‌ಗೆ. ನಮಗೆ ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸಿದವರು. ಶಾಲೆ ಈಗ ಇಲ್ಲ. ಟೀಚರ್ ಇದ್ದಾರೆ, ಕಣ್ಣು ಮಾತ್ರ ಪೂರ್ತಿ ಹೋಗಿದೆ. ಕಣ್ಣು ಹೋದ ಮೇಲೆ ಅವರ ಯಜಮಾನರು, ನಾವು ಸರ್ ಎನ್ನುತ್ತಿದ್ದೆವು, ದಿನವೂ ಮಧ್ಯಾಹ್ನ ಎರಡು ಗಂಟೆಗೆ ಪೇಪರೋ ಪುಸ್ತಕವೋ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಸರ್ ತೀರಿಕೊಂಡು ವರ್ಷವಾಯಿತು. ಮಗಳು ಠಾಣೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ.

“ನಾನು ಇಂಗ್ಲಿಷ್ ಮೀಡಿಯಂ ಅಲ್ವಾ? ಅಮ್ಮ ಕನ್ನಡ ಟೀಚರ್, ಬೇಟಿ ಅಂಗೂಠಾ ಛಾಪ್, ಹೆಬ್ಬೆಟ್ಟು,” ಎಂದು ಒಮ್ಮೆ ಸಿಕ್ಕಾಗ ನಕ್ಕಳು. ನಕ್ಕವಳ ಕಣ್ಣು ತುಂಬಿತ್ತು. “ಎರಡು ಗಂಟೆಗೆ ಅಮ್ಮ ಈಗಲೂ ಟೇಬಲ್ ಹತ್ತಿರ ಬಂದು ಕೂತ್ಕೊಳ್ತಾಳೆ. ಸುಮ್ಮನೆ. ನಾನು ಡ್ಯೂಟಿಯಲ್ಲಿ ಇರ್ತೀನಿ, ಮನೆಗೆಲಸಕ್ಕೆ ಬರೋ ಬಾಯಿ ಹೇಳ್ತಾಳೆ. ನೀವು ಹಳೇ ಸ್ಟುಡೆಂಟ್ಸ್ ಓದಿ ಕಳಿಸಿದ್ರೆ ಹೇಗೆ?”

ವಾಟ್ಸಾಪಿನಲ್ಲಿ ಹಾಕಿ ನೋಡಿದೆವು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳ ಅಡಿಯಲ್ಲಿ ಓದು ಹೂತು ಹೋಯಿತು, ಕಣ್ಣಿಲ್ಲದವರು ಅದನ್ನು ಹುಡುಕುವುದಾದರೂ ಹೇಗೆ? ಅದಕ್ಕೇ ಈ ಮುದುಕ, ಟೀಚರ್ ಮೇಜಿಗೆ ಒಂದು ಟ್ಯಾಬ್, ಅದರಲ್ಲಿ ಈ ಗುಂಡಿ.

ಒಪ್ಪಿಗೆ ಕೇಳಲು ಹೋದ ದಿನ ಟೀಚರ್ ಮೊದಲು ಬೇಡವೆಂದರು. “ನಿಮಗೆಲ್ಲ ಸಂಸಾರ ಉಂಟು. ಯಾರು ಓದ್ತಾರೆ ಈಗ?” ಆಮೇಲೆ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತಾ ಕೇಳಿದರು, “ಅವ ಎಲ್ಲಿದ್ದಾನೆ? ಉಪ್ಪಿನ ಪಾಠ ಓದುತ್ತಿದ್ದವ.”

ಯಾರೆಂದು ನನಗೆ ತಕ್ಷಣ ಗೊತ್ತಾಯಿತು. ನಮ್ಮ ಕ್ಲಾಸಿನಲ್ಲಿ ಓದುವುದಕ್ಕೆ ಒಂದು ಕ್ರಮವಿತ್ತು. ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಎಲ್ಲಿ ತಡವರಿಸಿದರೂ ಟೀಚರ್ “ಮೊದಲಿಂದ” ಎನ್ನುತ್ತಿದ್ದರು. ಪಾಠದ ಹೆಸರಿನಿಂದಲೇ ಮತ್ತೆ ಶುರು. ತಪ್ಪಿಲ್ಲದೆ ಮುಗಿಸಿದರೆ “ಕೂತ್ಕೋ” ಎನ್ನುತ್ತಿದ್ದರು, ಶಹಬ್ಬಾಸ್ ಗಿಹಬ್ಬಾಸ್ ಏನಿಲ್ಲ. ಆ ಒಂದು ಮಾತಿಗಾಗಿ ನಾವು ಜೀವ ಬಿಡುತ್ತಿದ್ದೆವು. ಈ ಹುಡುಗನ ಅಪ್ಪ ವಿಜಯಪುರದ ಕಡೆಯಿಂದ ಬಂದು ಎಂಐಡಿಸಿಯ ಕೆಮಿಕಲ್ ಕಾರ್ಖಾನೆಯಲ್ಲಿದ್ದರು. ಏಳನೇ ತರಗತಿಯಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆಯುವುದರ ಬಗ್ಗೆ ಒಂದು ಪಾಠವಿತ್ತು, ಅದರಲ್ಲಿ ‘ಬಾಷ್ಪೀಭವನ’ ಎಂಬ ಪದ. ಅಲ್ಲಿಗೆ ಬಂದರೆ ಅವನ ನಾಲಗೆ ಹೊರಳುತ್ತಲೇ ಇರಲಿಲ್ಲ. ಒಂದು ದಿನ ಇಡೀ ಪೀರಿಯಡ್ ಮೊದಲಿಂದ, ಮೊದಲಿಂದ ಎಂದು ನಡೆದು ಗಂಟೆ ಹೊಡೆಯಿತು. ಮರುದಿನ ಆ ಪಾಠವನ್ನು ನಾನು ಓದಿದೆ. ಮುಂದಿನ ಜೂನ್‌ನಲ್ಲಿ ಅವನು ಶಾಲೆಗೆ ಬರಲಿಲ್ಲ.

“ಗಂಟೆ ಆಯಿತು ಅಂತ ನಾನು ಪುಸ್ತಕ ಮುಚ್ಚಿ ಹೊರಟೆ,” ಎಂದರು ಟೀಚರ್. “ಬಾಗಿಲಲ್ಲಿ ತಿರುಗಿ ನೋಡಿದರೆ ಅವ ಹಾಗೇ ನಿಂತಿದ್ದ. ಶಾಲೆ ಬಿಡಿಸಿದ್ದು ನಾನೇ ಅಂತ ನನಗೆ ಇವತ್ತಿಗೂ ಉಂಟು. ಸೋಮವಾರ ಎರಡು ಗಂಟೆಗೆ ಅವನ ಪಾಠ ಇಡು. ಆಮೇಲೆ ನೀವೆಲ್ಲ. ಅವ ಬಾರದಿದ್ದರೆ ಅವನಿಗೆ ಮನಸ್ಸಿಲ್ಲ ಅಂತ ನನಗೆ ಗೊತ್ತಾಗ್ತದೆ. ಆಗ ಕ್ಲಾಸೂ ಬೇಡ.”

ಕಣ್ಣು ಕಾಣದಿದ್ದರೂ ಟೀಚರ್ ಟೀಚರೇ. ನಾನು ಆಗಲಿ ಎಂದು ತಲೆಯಾಡಿಸಿದೆ, ಅವರಿಗೆ ಕಾಣುವುದಿಲ್ಲ ಎಂದು ನೆನಪಾಗಿ ಬಾಯಿಬಿಟ್ಟು “ಆಗಲಿ ಟೀಚರ್” ಎಂದೆ.

ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ತುರ್ಭೆಯ ಗೋದಾಮೊಂದರಲ್ಲಿ ಹಮಾಲರ ಮುಕಾದಮ, ಎಂದರೆ ಮೇಸ್ತ್ರಿ, ಅವನು. ಕಲ್ಯಾಣದ ಹೋಟೆಲಿಗೆ ಈರುಳ್ಳಿ ಬಟಾಟೆ ತುಂಬುವ ಗಾಡಿಗಳು ಅವನ ಕೈಯಡಿಯಲ್ಲೇ ಹೊರಡುತ್ತಿದ್ದವು. ಫೋನ್ ಮಾಡಿ ನನ್ನ ಹೆಸರು ಹೇಳಿದೆ. ಒಂದೇ ವಯಸ್ಸು, ಒಂದೇ ಕ್ಲಾಸು, ಆದರೂ ನನ್ನನ್ನು ಅಕ್ಕಾರ ಎಂದ.

“ಟೀಚರ್ ನನ್ನ ಕೇಳಿದ್ರೇನ್ರಿ ಅಕ್ಕಾರ? ನನ್ನ?”

“ನಿನ್ನನ್ನೇ ಮಾರಾಯ. ಮೊದಲು ನಿನ್ನದೇ ಬೇಕಂತೆ.”

“ಆ ಪುಸ್ತಕ ಐತ್ರಿ ನನ್ ಹತ್ರ. ಟ್ರಂಕಿನಾಗ. ಓದ್ತೀನ್ರಿ. ಆ ಪಾಠಾನ ಓದ್ತೀನಿ.”

ಗುರುವಾರದ ನಾನೂರ ಹದಿಮೂರಕ್ಕೆ ಮರಳುತ್ತೇನೆ. ಕಳಿಸಿದ ಗಂಟು ತಾನು ಒಳಗೆ ಬಿಡುವ ಅಳತೆಗಿಂತ ದೊಡ್ಡದಾದರೆ ವೆಬ್ ಸರ್ವರ್ ಆ ಸಂಖ್ಯೆ ತೋರಿಸಿ ವಾಪಸು ಕಳಿಸುತ್ತದೆ. ನಾನು ಏನೂ ಹೇಳದಿದ್ದರೆ ಅದು ಒಪ್ಪುವುದು ಒಂದೇ ಒಂದು ಎಂಬಿ. ನಾನು ಏನೂ ಹೇಳಿರಲಿಲ್ಲ. ಮನೆ ಮುಟ್ಟಿ ಚಪ್ಪಲಿ ಬಿಟ್ಟವಳೇ ಆ ಮಿತಿಯನ್ನು ಅರವತ್ನಾಲ್ಕು ಎಂಬಿಗೆ ಏರಿಸಿದೆ. ಹತ್ತು ನಿಮಿಷದ ಓದಿಗೆ ಅದು ಧಾರಾಳವಾಯಿತು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಕಲ್ಯಾಣದವನು ಮತ್ತೆ.

“ಈಗ ಹೆಸರು ಬರೆಯಿರಿ ಅಂತ ಹೇಳ್ತದೆ. ಬರೆದಿದ್ದೇನೆ ಮಾರಾಯ್ತಿ! ನನ್ನ ಹೆಸರು, ಅಪ್ಪನ ಹೆಸರು, ಕಡೆಗೆ ಹೋಟೆಲಿನ ಹೆಸರೂ ಬರೆದೆ.”

“ಕನ್ನಡಕ ಹಾಕಿಕೊಂಡು ಬರಿ.”

“ಹಾಕಿಕೊಂಡೇ ಬರೆದದ್ದು. ನಿನ್ನ ಯಂತ್ರಕ್ಕೆ ಒಂದು ಕನ್ನಡಕ ಮಾಡಿಸು.”

ಅರ್ಧ ಗಂಟೆ ಅವನನ್ನೇ ಬೈದುಕೊಂಡು ಕೂತೆ. ಆಮೇಲೆ ಮುದುಕ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೆಗೆದು ನೋಡಿದರೆ, ಅಯ್ಯೋ ರಾಮ, ತಪ್ಪು ನನ್ನದು. ವೆಬ್ ಸರ್ವರ್ ಹೊರಬಾಗಿಲು ಮಾತ್ರ. ಅದರ ಹಿಂದೆ ಫೈಲನ್ನು ಕೈಯಲ್ಲಿ ತೆಗೆದುಕೊಳ್ಳುವುದು ಪಿಎಚ್‌ಪಿ, ಆ ಪ್ರೋಗ್ರಾಂಗೆ ಅದರದೇ ಮಿತಿಗಳಿವೆ. ಒಂದು ಫೈಲಿಗೆ ಎರಡು ಎಂಬಿ, ಇಡೀ ಅರ್ಜಿಗೆ ಎಂಟು. ಎಂಟು ದಾಟಿದರೆ ಅದು ಫೈಲನ್ನಷ್ಟೇ ಅಲ್ಲ, ಜೊತೆಗೆ ಬಂದ ಎಲ್ಲವನ್ನೂ ಎಸೆಯುತ್ತದೆ. ಹೆಸರೂ ಹೋಯಿತು. ಹೆಸರಿಲ್ಲದ ಅರ್ಜಿ ನೋಡಿ ನನ್ನ ಪುಟ ಹೆಸರು ಬರೆಯಿರಿ ಎನ್ನುತ್ತಿತ್ತು. ಬಡಪಾಯಿ ಮೂರು ಹೆಸರು ಬರೆದು ಬೈಸಿಕೊಂಡಿದ್ದ.

ಎರಡೂ ಮಿತಿ ಏರಿಸಿದೆ. ಏನೂ ಬದಲಾಗಲಿಲ್ಲ. ರೀಸ್ಟಾರ್ಟ್ ಮಾಡಿದೆ. ಆಗಲೂ ಅಷ್ಟೆ. ಇಡೀ ಮುದುಕನನ್ನೇ ಆರಿಸಿ ಹಚ್ಚಿದೆ. ಮತ್ತೆ ಅದೇ ಎರಡು, ಅದೇ ಎಂಟು. ಮಧ್ಯಾಹ್ನದ ಊಟದ ಹೊತ್ತಿಗೆ ತಲೆ ಕೆಟ್ಟು ಹೋಯಿತು. ಚಾಲ್ತಿಯಲ್ಲಿರುವ ಸೆಟ್ಟಿಂಗ್ ಎಲ್ಲಿಂದ ಬರುತ್ತಿದೆ ಎಂದು ಪಿಎಚ್‌ಪಿಯ ಬಾಯಲ್ಲೇ ಹೇಳಿಸಿದಾಗ ಗುಟ್ಟು ಬಿಚ್ಚಿತು. ಮುದುಕನೊಳಗೆ ಒಂದೇ ಹೆಸರಿನ ಎರಡು ಸೆಟ್ಟಿಂಗ್ ಫೈಲುಗಳಿದ್ದವು. ನಾನು ಕೀಬೋರ್ಡಿನಿಂದ ನೇರ ಓಡಿಸುವ ಕೆಲಸಗಳದ್ದನ್ನು ತಿದ್ದಿ ತಿದ್ದಿ ಇಟ್ಟಿದ್ದೆ, ವೆಬ್‌ಸೈಟಿನದು ಪಕ್ಕದ ಫೋಲ್ಡರಿನಲ್ಲಿ ತಣ್ಣಗೆ ಕೂತಿತ್ತು. ಆಫೀಸಿನಲ್ಲಿ ಹೊಸಬರು ಇದೇ ತಪ್ಪು ಮಾಡಿದರೆ ನಾನು ಅವರನ್ನು ಒಂದು ವಾರ ಛೇಡಿಸುತ್ತೇನೆ. ಹಣೆ ಚಚ್ಚಿಕೊಂಡು ಅದನ್ನು ತಿದ್ದಿದೆ. ಕಲ್ಯಾಣಕ್ಕೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನ ಫೈಲು ಐದೇ ನಿಮಿಷದಲ್ಲಿ ಬಂತು.

ಸಂಜೆ ತುರ್ಭೆಯವನು ಕಳಿಸಿದ. ನಾನೂರ ಹದಿಮೂರು. ಅವನ ಫೈಲು ತೊಂಬತ್ತೇಳು ಎಂಬಿ! ಎಪ್ಪತ್ನಾಲ್ಕು ನಿಮಿಷ! ಅದೂ ನಾಲ್ಕು ಪುಟದ ಪಾಠ. ಕೇಳಿದರೆ “ಸ್ವಲ್ಪ ಉದ್ದ ಆಗೇತ್ರಿ” ಎಂದಷ್ಟೇ ಹೇಳಿದ. ಎಲ್ಲ ಮಿತಿಗಳನ್ನೂ ನೂರಿಪ್ಪತ್ತೆಂಟಕ್ಕೆ ಏರಿಸಿದೆ. ಈಗ ಬಾಗಿಲು ತೆರೆಯಿತು, ದಾರಿ ಕೈಕೊಟ್ಟಿತು. ಗೋದಾಮಿನ ತಗಡಿನ ಮಾಡಿನ ಕೆಳಗೆ ಅವನ ಫೋನಿಗೆ ನೆಟ್‌ವರ್ಕ್ ಬಂದರೆ ಬಂತು, ಹೋದರೆ ಹೋಯಿತು. ನನ್ನ ಸರ್ವರ್ ಒಂದು ನಿಮಿಷ ಏನೂ ಬಾರದಿದ್ದರೆ ಸಂಪರ್ಕ ಕಡಿಯುತ್ತಿತ್ತು. ಅದನ್ನು ಐದು ನಿಮಿಷ ಮಾಡಿದೆ. ನಲವತ್ತು ಪ್ರತಿಶತಕ್ಕೆ ಒಮ್ಮೆ ಬಿತ್ತು, ಅರವತ್ತಕ್ಕೆ ಒಮ್ಮೆ. ಬಿದ್ದಾಗಲೆಲ್ಲ ಸೊನ್ನೆಯಿಂದ ಶುರು.

“ಹೋಗವಲ್ದರಿ ಅಕ್ಕಾರ,” ಎಂದು ಹೇಳುವಾಗಲೂ ಅವನ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ವಾಸಿಯಿತ್ತು.

“ನಾನು ದಿನಾ ತುರ್ಭೆ ದಾಟಿಯೇ ಆಫೀಸಿಗೆ ಹೋಗುವುದು. ಸೋಮವಾರ ಬೆಳಿಗ್ಗೆ ಇಳಿದು ನಿನ್ನ ಫೋನಿನಿಂದಲೇ ತೆಗೆದುಕೊಂಡು ಹೋಗ್ತೇನೆ. ಇಲ್ಲಾಂದ್ರೆ ವಾಟ್ಸಾಪಿನಲ್ಲಿ ನನಗೆ ಕಳಿಸಿಬಿಡು, ನಾನು ಹಾಕ್ತೇನೆ.”

“ಬ್ಯಾಡ್ರಿ.” ಇಷ್ಟು ಹೊತ್ತು ಮೆತ್ತಗಿದ್ದ ಮನುಷ್ಯ ಗಟ್ಟಿಯಾಗಿ ಹೇಳಿದ. “ಎಲ್ಲಾರೂ ಯಾವ ದಾರೀಲೆ ಕಳಿಸ್ಯಾರ, ನಾನೂ ಅದೇ ದಾರೀಲೆ ಕಳಿಸ್ತೀನಿ. ಶಾಲ್ಯಾಗ ನನ್ ಪಾಠ ಬ್ಯಾರೇದವ್ರು ಓದಿದ್ರು. ಇದನ್ನ ನಾನಽ ಮುಟ್ಟಸ್ತೀನ್ರಿ.”

ಬೇರೆಯವರು ಎಂದರೆ ನಾನು. ಅವನಿಗೆ ಅದು ನೆನಪಿತ್ತೋ ಇಲ್ಲವೋ, ನನಗೆ ನಾಚಿಕೆಯಾಯಿತು. ಆಯಿತು, ನಿನ್ನ ದಾರಿ ನಾನು ಸರಿ ಮಾಡುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನಮ್ಮ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ಎಲ್ಲ ಸರಿಯಾಗಿದೆ, ಕಳಿಸಿ. ಇದು ಆ ವಾರದ ನನ್ನ ಅತಿ ದೊಡ್ಡ ಮೂರ್ಖತನ. ರಜಾ ದಿನ, ಎಲ್ಲರೂ ಮನೆಯಲ್ಲಿ. ಹದಿನೆಂಟು ಜನ ಒಟ್ಟಿಗೇ ಕಳಿಸಲು ಶುರು ಮಾಡಿದರು. ಫೈಲು ಪೂರ್ತಿ ಬರುವ ತನಕ ಇಡುವ ತಾತ್ಕಾಲಿಕ ಜಾಗವನ್ನು ನಾನು ಡಿಸ್ಕಿನಲ್ಲಿ ಇಡದೆ ಮೆಮೊರಿಯಲ್ಲಿ ಇಟ್ಟಿದ್ದೆ, ಬೇಗ ಆಗಲಿ ಎಂದು. ಮುದುಕನಿಗೆ ಇರುವುದೇ ಎರಡು ಜಿಬಿ ಮೆಮೊರಿ. ಅದರಲ್ಲಿ ಅರ್ಧವಷ್ಟೇ ಈ ಜಾಗಕ್ಕೆ, ಅದು ಗಂಟುಗಳಿಂದ ತುಂಬಿತು. ಜಾಗವಿಲ್ಲ, ಜಾಗವಿಲ್ಲ ಎಂದು ಲಾಗ್ ತುಂಬ ಬರೆದು, ಫ್ಯಾನು ಒಮ್ಮೆ ಜೋರಾಗಿ ಕೂಗಿ, ಮುದುಕ ಮಾತು ನಿಲ್ಲಿಸಿದ. ತುರ್ಭೆಯವನದು ಆಗ ಎಂಬತ್ತು ಪ್ರತಿಶತ ದಾಟಿತ್ತು. ಅದೂ ಹೋಯಿತು.

ಚಪ್ಪಲಿ ಸ್ಟ್ಯಾಂಡಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟೆ. ಅಳು ಬಂತು, ಅತ್ತೆ. ಮಾರನೆಯ ದಿನ ಎರಡು ಗಂಟೆಗೆ ಟೀಚರ್ ಮೇಜಿನ ಬಳಿ ಬಂದು ಕೂರುತ್ತಾರೆ. ಅವನು ಬರಲಿಲ್ಲ, ಅವನಿಗೆ ಮನಸ್ಸಿಲ್ಲ ಎಂದುಕೊಳ್ಳುತ್ತಾರೆ. ಮನಸ್ಸಿದೆ ಟೀಚರ್, ನನ್ನ ಸೆಟ್ಟಿಂಗ್ ಸರಿಯಿಲ್ಲ ಎಂದು ನಾನು ಎಷ್ಟು ವಿವರಿಸಿದರೂ ಅವರು ನಂಬುತ್ತಾರೆಯೇ? ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎನ್ನುತ್ತಾರೆ.

ಮುದುಕನನ್ನು ಎಬ್ಬಿಸಿ, ತಾತ್ಕಾಲಿಕ ಜಾಗವನ್ನು ಡಿಸ್ಕಿಗೆ ಸಾಗಿಸಿದೆ. ಆಗ, ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಬಂದಿದ್ದ ಫೈಲುಗಳಲ್ಲಿ ಒಂದನ್ನು ಕೇಳಿದೆ. ಕಲ್ಯಾಣದವನದು, ನಾಲ್ಕು ಪುಟಕ್ಕೆ ನಲವತ್ತು ನಿಮಿಷ ಹೇಗಾಯಿತು ಎಂದು ನೋಡೋಣವೆಂದು. ಹೋಟೆಲಿನ ಪಾತ್ರೆ ಸದ್ದಿನ ನಡುವೆ ಅವನು ಚೆನ್ನಾಗಿಯೇ ಓದುತ್ತಿದ್ದ. ಎರಡನೇ ಪುಟದಲ್ಲಿ ಒಂದು ಪದಕ್ಕೆ ಎಡವಿದ.

“ಸಾರಿ ಟೀಚರ್. ಮೊದಲಿಂದ,” ಎಂದು ಪಾಠದ ಹೆಸರಿನಿಂದ ಮತ್ತೆ ಶುರು ಮಾಡಿದ.

ಇನ್ನೊಂದು ಫೈಲು ತೆರೆದೆ, ಮತ್ತೊಂದು ತೆರೆದೆ. ಎಲ್ಲರೂ! ಬ್ಯಾಂಕಿನವನು, ಮನೆಯಲ್ಲಿ ಟ್ಯೂಷನ್ ಹೇಳುವವಳು, ಎಲ್ಲರೂ ಎಡವಿದಲ್ಲಿ “ಸಾರಿ ಟೀಚರ್” ಎಂದು ಮೊದಲಿಂದ ಓದಿದ್ದರು. ರೆಕಾರ್ಡಿಂಗ್ ನಿಲ್ಲಿಸಿ ಅಳಿಸಿ ಹೊಸದಾಗಿ ಮಾಡಬಹುದಿತ್ತಲ್ಲ? ಒಬ್ಬರಿಗೂ ತೋಚಿಲ್ಲ. ನಗು ತಡೆಯಲಾಗಲಿಲ್ಲ. ನಗುತ್ತಿದ್ದವಳಿಗೆ ನನ್ನದೇ ರೆಕಾರ್ಡಿಂಗ್ ನೆನಪಾಯಿತು. ನಾನೂ ಫ್ರಿಜ್ಜಿನ ಪಕ್ಕ ನಿಂತು ಮೂರು ಸಲ ಮೊದಲಿಂದ ಓದಿದ್ದೆ. ಟೀಚರ್ ಕೇಳುವಂಥದ್ದನ್ನು ಕೂತು ಓದಬಹುದು ಎಂದು ನನಗೂ ತೋಚಿರಲಿಲ್ಲ.

ತುರ್ಭೆಗೆ ಫೋನ್ ಮಾಡಿದೆ. “ನಿನ್ನದರಲ್ಲೂ ಮೊದಲಿಂದ ಮೊದಲಿಂದ ಇದೆಯಲ್ವಾ?”

“ಆರು ಸಲ ಐತ್ರಿ. ಏಳನೇ ಸಲಕ್ಕ ಮುಗೀತು.”

“ಕೊನೆಯದನ್ನು ಮಾತ್ರ ಕತ್ತರಿಸಿ ಕಳಿಸಿದರೆ ಹತ್ತು ಹನ್ನೆರಡು ಎಂಬಿ. ಈಗಲೇ ಬರ್ತದೆ.”

“ಕತ್ತರಿಸಬ್ಯಾಡ್ರಿ ಅಕ್ಕಾರ. ಟೀಚರ್ ಮುಂದ ತಪ್ಪಿದ್ದು ತಪ್ಪೇ. ಅದನ್ನ ಮುಚ್ಚಿಟ್ರ ಹೆಂಗ? ನಾ ಒಂದೂಕಾಲು ತಾಸು ನಿಂತೇ ಓದೀನ್ರಿ.”

ಫೋನ್ ಇಟ್ಟ ಮೇಲೆ ಕಾಫಿ ಮಾಡಿಕೊಂಡೆ, ಕುಡಿಯಲು ಮರೆತೆ. ಮೂರು ದಿನದಿಂದ ನಾನು ಮಾಡಿದ್ದು ಮಿತಿಗಳನ್ನು ಏರಿಸುವುದೊಂದೇ. ಒಂದು, ಅರವತ್ನಾಲ್ಕು, ನೂರಿಪ್ಪತ್ತೆಂಟು. ಅವನ ತೊಂದರೆ ಅಳತೆಯದ್ದೇ ಆಗಿರಲಿಲ್ಲ. ಎಡವಿದಾಗಲೆಲ್ಲ ನನ್ನ ಯಂತ್ರ ಅವನಿಗೆ ಹೇಳುತ್ತಿದ್ದುದು ಒಂದೇ ಮಾತು: ಮೊದಲಿಂದ. ಎಂಬತ್ತು ಪ್ರತಿಶತ ತಲುಪಿಸಿದವನಿಗೂ ಮೊದಲಿಂದ. ಇಷ್ಟು ವರ್ಷದ ಮೇಲೆ ನಾನೂ ಅವನನ್ನು ಅದೇ ಬೆಂಚಿನ ಮುಂದೆ ನಿಲ್ಲಿಸಿದ್ದೆ.

ಏರಿಸಿದ್ದನ್ನೆಲ್ಲ ಇಳಿಸಿಬಿಡೋಣ ಎಂದು ಆಗ ನಿರ್ಧರಿಸಿದೆ. ದೊಡ್ಡ ಗಂಟನ್ನು ಒಳಗೆ ತರಲು ಬಾಗಿಲು ಒಡೆಯುತ್ತಾ ಕೂರುವ ಬದಲು ಗಂಟನ್ನೇ ಬಿಚ್ಚಿ ಒಂದೊಂದಾಗಿ ತರಬೇಕು. ಕಳಿಸುವವರ ಫೋನಿನಲ್ಲೇ ಬ್ರೌಸರ್ ಫೈಲನ್ನು ಒಂದೊಂದು ಎಂಬಿಯ ತುಂಡು ಮಾಡಬೇಕು. ಪ್ರತಿ ತುಂಡಿಗೂ ಒಂದು ಸಂಖ್ಯೆ. ಬಂದದ್ದನ್ನು ಮುದುಕ ಡಿಸ್ಕಿನಲ್ಲಿ ಇಟ್ಟುಕೊಂಡು ‘ಬಂತು’ ಎನ್ನಬೇಕು. ನೆಟ್‌ವರ್ಕ್ ಹೋದರೆ ಹೋಗಲಿ. ಮತ್ತೆ ಬಂದು ಅದೇ ಫೈಲನ್ನು ಆರಿಸಿದರೆ ಮುದುಕ ‘ಇಷ್ಟು ನನ್ನ ಹತ್ತಿರ ಇದೆ, ಮುಂದಿನದು ಕೊಡು’ ಎನ್ನಬೇಕು. ಕೊನೆಗೆ ಎಲ್ಲ ತುಂಡುಗಳನ್ನು ಜೋಡಿಸಿ ಮೂಲ ಫೈಲಿನ ಅಳತೆಗೆ ತಾಳೆ ನೋಡಬೇಕು. ಕೇಳುವವರಿಗೆ ಒಂದು ಅಕ್ಷರವೂ ಕಡಿಮೆಯಾಗುವುದಿಲ್ಲ.

ಬರೆದು ಮುಗಿಸುವ ಹೊತ್ತಿಗೆ ಸಂಜೆ ನಾಲ್ಕಾಯಿತು. ನನ್ನದೇ ಓದನ್ನು ಕಳಿಸಿ ಪರೀಕ್ಷೆ ಮಾಡಿದೆ. ಜೋಡಿಸಿದ ಫೈಲಿನ ಅಳತೆ ಸರಿಯಿತ್ತು, ಕೇಳಿದರೆ ಕಲಸುಮೇಲೋಗರ. ಒಂದನೇ ತುಂಡಿನ ನಂತರ ಹತ್ತನೆಯದು, ಹನ್ನೊಂದನೆಯದು, ಹೀಗೆ ಹತ್ತೊಂಬತ್ತರ ತನಕ, ಆಮೇಲೆ ಎರಡನೆಯದು ಬಂದಿತ್ತು. ಕಂಪ್ಯೂಟರ್ ಸಂಖ್ಯೆಗಳನ್ನು ಅಕ್ಷರದಂತೆ ಓದಿ ಸಾಲು ಹಚ್ಚಿತ್ತು. “ಎಲಾ ಮುದುಕ, ಎಣಿಸಲು ಬರುವುದಿಲ್ಲವಾ ನಿನಗೆ?” ಎಂದು ಗದರಿ ಅದನ್ನೂ ಸರಿ ಮಾಡಿದೆ. ತಪ್ಪು ನನ್ನದೇ, ಗದರಿಸಿಕೊಳ್ಳಲು ಮನೆಯಲ್ಲಿ ಅವನೊಬ್ಬನೇ ಇದ್ದ.

ತುರ್ಭೆಯವನು ಸಂಜೆ ಶುರು ಮಾಡಿದ. ನನ್ನ ಪರದೆಯ ಮೇಲೆ ಸಂಖ್ಯೆ ಏರುತ್ತಾ ಹೋಯಿತು. ಹನ್ನೆರಡರಲ್ಲಿ ಒಮ್ಮೆ ನಿಂತಿತು, ನನ್ನ ಎದೆಯೂ ನಿಂತಿತು, ಹದಿಮೂರು ಬಂತು. ಮೂವತ್ತರಲ್ಲಿ ನಿಂತಿತು, ಮೂವತ್ತೊಂದು ಬಂತು. ಅರವತ್ತೊಂದಕ್ಕೆ ಬಂದಾಗ ಅವನ ಫೋನ್: ಗಾಡಿಗಳು ಬಂದಿವೆ, ಇಳಿಸಬೇಕು, ಹೋಗಬೇಕು.

“ಮತ್ತ ಮೊದಲಿಂದ ಆಗ್ತದೇನ್ರಿ?”

“ಇಲ್ಲ ಮಾರಾಯ. ಅರವತ್ತೆರಡರಿಂದ.”

“ಹೌದೇನ್ರಿ?” ಎಂದ. ನಂಬಿಕೆ ಬಂದಂತೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ತುರ್ಭೆಯಲ್ಲಿ ನಿಂತಾಗ ಬಾಗಿಲ ಬಳಿಯೇ ನಿಂತಿದ್ದೆ. ಇಳಿದುಬಿಡಲೇ ಎಂದು ಮನಸ್ಸು ಎಳೆಯಿತು. ಅವನ ಮಾತು ನೆನಪಾಗಿ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ಆಫೀಸಿನಲ್ಲಿ ಹತ್ತಕ್ಕೆ ನೋಡಿದೆ, ಅರವತ್ತೊಂದು. ಹನ್ನೊಂದಕ್ಕೂ ಅರವತ್ತೊಂದು. ಹನ್ನೆರಡಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ಪಕ್ಕದ ಮೇಜಿನವಳು “ಯಾರದಾದರೂ ರಿಸಲ್ಟಾ?” ಎಂದು ಕೇಳಿದಳು. ಹೌದು ಎಂದೆ.

ಹನ್ನೆರಡೂ ಐವತ್ತಕ್ಕೆ ಅರವತ್ತೆರಡು ಬಂತು. ಹಿಂದೆಯೇ ಅವನ ಫೋನ್.

“ಗಾಡಿ ಬಿಟ್ಟೂ ಬಿಡದಽ ಬಂದ್ವುರಿ. ಈಗ ಬಾಜೂ ಬಿಲ್ಡಿಂಗಿನ ಗಚ್ಚಿ ಹತ್ತಿ ನಿಂತೀನಿ. ಇಲ್ಲಿ ಟಾವರ್ ಚಲೋ ಸಿಗ್ತೈತಿ. ಅಕ್ಕಾರ, ಅರವತ್ತೆರಡರಿಂದಾನ ಹಿಡೀತ್ರಿ ಇದು!”

ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಎಪ್ಪತ್ತು. ಎಪ್ಪತ್ತೊಂಬತ್ತು. ಎಂಬತ್ತಾರರಲ್ಲಿ ಹತ್ತು ನಿಮಿಷ ನಿಂತಿತು, ಅವನು ಬಿಸಿಲಲ್ಲಿ ತಾರಸಿಯ ಆ ತುದಿಗೆ ಹೋಗಿ ನಿಂತ. ಒಂದೂ ನಲವತ್ತೆಂಟಕ್ಕೆ ತೊಂಬತ್ತೇಳು. ಮುದುಕ ಜೋಡಿಸಿದ, ಅಳತೆ ತಾಳೆಯಾಯಿತು, ಸಾಲೂ ಸರಿಯಿತ್ತು. ಅದನ್ನು ಆ ದಿನದ ಪಾಠಕ್ಕೆ ಇಟ್ಟು ಕೈ ತೆಗೆದಾಗ ಎರಡಕ್ಕೆ ಆರು ನಿಮಿಷವಿತ್ತು.

ಗುಂಡಿ ಕೆಲಸ ಮಾಡದಿದ್ದರೆ ನನಗೆ ಫೋನ್ ಮಾಡು ಎಂದು ಟೀಚರ್ ಮನೆಯ ಕೆಲಸದ ಬಾಯಿಗೆ ಹೇಳಿಟ್ಟಿದ್ದೆ. ಎರಡೂ ಇಪ್ಪತ್ತಕ್ಕೆ ಅವಳ ಫೋನ್ ಬಂತು.

“ಮೇಡಂ, ಆಜೀ ಮಶೀನ್‌ಶೀ ಬೋಲಾಯ್ಲಾ ಲಾಗಲ್ಯಾ,” ಎಂದು ಪಿಸುಗುಟ್ಟಿದಳು. ಅಜ್ಜಿ ಯಂತ್ರದ ಜೊತೆ ಮಾತಾಡುತ್ತಿದ್ದಾರಂತೆ. ಅವಳಿಗೆ ಹೆದರಿಕೆಯಾಗಿತ್ತು. ಫೋನನ್ನು ಮೇಜಿನ ಮೇಲೆ ಇಡಲು ಹೇಳಿ, ನಾನು ಆಫೀಸಿನ ಮೆಟ್ಟಿಲಿಗೆ ಓಡಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ.

ಅವನು ಓದುತ್ತಿದ್ದ. ದಪ್ಪ ದನಿ, ಮಕ್ಕಳಂತೆ ಪದ ಪದ ಬಿಡಿಸಿ ಓದುವ ರೀತಿ. ಬಾಷ್... ಬಾಷ್ಪಿ... ಅಲ್ಲಿಗೆ ನಿಂತಿತು. “ತಪ್ಪಾತ್ರಿ ಟೀಚರ್. ಮೊದಲಿಂದ ಓದ್ತೀನಿ.”

“ಬೇಡ ಮಗಾ,” ಎಂದರು ಟೀಚರ್. “ಮೊದಲಿಂದ ಬೇಡ. ಮುಂದೆ ಓದು.”

ಅವನಿಗೆ ಅದು ಕೇಳಿಸುವಂತಿರಲಿಲ್ಲ. ಅವನು ಶನಿವಾರವೇ ಓದಿ ಮುಗಿಸಿದ್ದ. ಪಾಠದ ಹೆಸರಿನಿಂದ ಮತ್ತೆ ಶುರು ಮಾಡಿದ. ಮತ್ತೆ ಅದೇ ಪದ, ಮತ್ತೆ “ತಪ್ಪಾತ್ರಿ ಟೀಚರ್”. ಮತ್ತೆ ಟೀಚರ್, “ಇರಲಿ ಮಗಾ, ಮುಂದೆ ಓದು.” ಪ್ರತಿ ಸಲವೂ ಹೇಳಿದರು. ನಾನು ಮೆಟ್ಟಿಲ ಮೇಲೆ ಕೂತು ಸೀರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಹೋಗಿಬರುವವರು ನೋಡುತ್ತಿದ್ದರು, ನೋಡಿಕೊಳ್ಳಲಿ ಎಂದುಕೊಂಡೆ.

ಏಳನೇ ಸಲ ಅವನು ಆ ಪದದ ಹತ್ತಿರ ಬಂದಾಗ ಟೀಚರ್ ಸದ್ದು ಮಾಡಲಿಲ್ಲ. ಬಾಷ್ಪೀಭವನ. ಹೇಳಿಬಿಟ್ಟ! ಹೇಳಿ, ನಿಲ್ಲದೆ ಓದಿದ. ನೀರು ಆರಿತು, ಉಪ್ಪು ಉಳಿಯಿತು, ಪಾಠ ಮುಗಿಯಿತು. ಆಮೇಲೆ ಅವನು ಉಸಿರು ಬಿಟ್ಟದ್ದು, ಕಾಲು ಬದಲಿಸಿದ್ದು ಕೇಳಿಸಿತು. ನಿಂತೇ ಇದ್ದನಲ್ಲ.

“ಕೂತ್ಕೋ,” ಎಂದರು ಟೀಚರ್.

ರೆಕಾರ್ಡಿಂಗ್ ಅಲ್ಲಿಗೆ ನಿಂತಿತು. ನಾನು ಕೂಡಲೇ ತುರ್ಭೆಗೆ ಫೋನ್ ಹಚ್ಚಿದೆ. ಹಿಂದೆ ಲಾರಿ ರಿವರ್ಸ್ ತೆಗೆಯುವ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು.

“ಕೇಳಿದ್ರು ಮಾರಾಯ. ಪೂರ್ತಿ ಕೇಳಿದ್ರು.”

“ಏನಂದ್ರು ಅಕ್ಕಾರ?”

“ಕೂತ್ಕೋ ಅಂದ್ರು.”

ಲಾರಿಯ ಸದ್ದು ಮಾತ್ರ ಕೇಳಿಸುತ್ತಿತ್ತು. ಸಂಪರ್ಕ ಕಡಿಯಿತೇನೋ ಎಂದು ನಾನು ಫೋನನ್ನು ನೋಡಿದೆ, ಕಡಿದಿರಲಿಲ್ಲ. ಗೋಣಿಚೀಲದ ಮೇಲೆ ಮೈಭಾರ ಬಿದ್ದಂಥ ಒಂದು ಸಪ್ಪಳವಾಯಿತು.

“ಕೂತೀನ್ರಿ,” ಎಂದ.